ತೂಕ ಇಳಿಸುವ ಸರ್ಜರಿ ಆದಮೇಲೆ ಓಟ ಶುರು ಮಾಡುವವರಿಗೆ

"ಸ್ಲೀವ್ ಮಾಡಿಸಿ ನಾಲ್ಕು ತಿಂಗಳಾಯಿತು. 24 ಕೆಜಿ ಇಳಿದಿದೆ. ಈಗ ಓಡಬಹುದಾ?"

ಸ್ವಲ್ಪ ಹೆಚ್ಚುಕಡಿಮೆ ಇದೇ ಪ್ರಶ್ನೆ ನನಗೆ ವಾರ ವಾರವೂ ಬರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಗಿ ಈಗ ಒಂದೇ ಕಡೆ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಸ್ಲೀವ್ ಮಾಡಿಸಿಕೊಂಡು, ಆಮೇಲೆ ಓಡಲು ಕಲಿತು, ನಡುವೆ ಮಾಡಬಾರದ ತಪ್ಪನ್ನೆಲ್ಲ ಮಾಡಿದವನು. ಇಲ್ಲಿರುವ ಯಾವ ಮಾತಾದರೂ ನಿಮ್ಮ ಸರ್ಜನ್ ಹೇಳಿದ್ದಕ್ಕೆ ವಿರುದ್ಧವಾಗಿದ್ದರೆ ಅವರ ಮಾತೇ ನಡೆಯಲಿ.

ಮೊದಲು ಎರಡು ಪದ ಬಿಡಿಸಿಕೊಳ್ಳೋಣ. ಸ್ಲೀವ್ ಅಂದರೆ ಹೊಟ್ಟೆಯ ಮುಕ್ಕಾಲು ಭಾಗ, ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಕತ್ತರಿಸಿ ತೆಗೆದು, ಬಾಳೆಹಣ್ಣಿನಂಥ ಕೊಳವೆಯೊಂದನ್ನು ಉಳಿಸುವುದು. ಬೈಪಾಸ್ ಅಂದರೆ ಹೊಟ್ಟೆಯ ಮೇಲ್ತುದಿಯಲ್ಲಿ ಪುಟ್ಟ ಚೀಲ ಮಾಡಿ, ಸಣ್ಣ ಕರುಳನ್ನು ಎಳೆದು ಅದಕ್ಕೇ ಜೋಡಿಸುವುದು. ಮಿನಿ ಬೈಪಾಸ್ ಆದವರು ಈ ಲೇಖನದ ಮಟ್ಟಿಗೆ ಬೈಪಾಸ್ ಗುಂಪಿಗೇ ಸೇರಿಕೊಳ್ಳಿ.

ನಾವು ಬೇರೆ ಹೊಸ ಓಟಗಾರರ ಹಾಗಲ್ಲ. ಅವರಿಗೆ ಮೊದಲು ಕೈಕೊಡುವುದು ಉಸಿರು. ಓಡಲಾಗದೆ ನಿಂತುಬಿಡುತ್ತಾರೆ, ಕಾಲು ಬಚಾವಾಗುತ್ತದೆ. ನಮ್ಮದು ಉಲ್ಟಾ. ತಿಂಗಳು ತಿಂಗಳೂ ಮೈ ಹಗುರಾಗುತ್ತದೆ, ಉಸಿರು ಬೇಗ ಸುಧಾರಿಸುತ್ತದೆ, "ಇನ್ನೂ ಓಡಬಹುದು" ಅನ್ನಿಸುತ್ತದೆ. ಆದರೆ ಅದೇ ಹೊತ್ತಿನಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತಿರುತ್ತದೆ, ಮೂಳೆಯ ಗಟ್ಟಿತನ ಸ್ವಲ್ಪ ಇಳಿಯುತ್ತಿರುತ್ತದೆ, ಹೊಟ್ಟೆಗೆ ಹೋಗುವುದು ನಾಲ್ಕು ತುತ್ತು. ಉಸಿರು ಒಪ್ಪಿದ ಮಾತ್ರಕ್ಕೆ ಮೂಳೆ ಒಪ್ಪಿದೆ ಅಂತಲ್ಲ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನಿಂದ ಬಂದದ್ದು.

1. ಮೊದಲು ಒಪ್ಪಿಗೆ, ಆಮೇಲೆ ಶೂ

ಆಪರೇಷನ್ ಆದ ದಿನ ಅಥವಾ ಮರುದಿನವೇ ನಡೆಸುತ್ತಾರೆ. ನಡಿಗೆಗೆ ಕಾಯಬೇಕಾಗಿಲ್ಲ. ಓಟ ಬೇರೆ ವಿಷಯ. ಲ್ಯಾಪರೋಸ್ಕೋಪಿಯಲ್ಲಿ ಹೊರಗೆ ಕಾಣುವುದು ನಾಲ್ಕೈದು ಸಣ್ಣ ತೂತು ಅಷ್ಟೆ. ಒಳಗಿನ ಹೊಲಿಗೆ ಮತ್ತು ಹೊಟ್ಟೆಯ ಗೋಡೆ ಗಟ್ಟಿಯಾಗಲು ವಾರಗಳೇ ಬೇಕು. ಅವಸರ ಮಾಡಿದರೆ ಆ ತೂತಿನ ಜಾಗದಲ್ಲಿ ಹರ್ನಿಯಾ, ಅಂದರೆ ಒಳಗಿನ ಕೊಬ್ಬು ಅಥವಾ ಕರುಳು ಹೊರಗೆ ಉಬ್ಬಿಕೊಳ್ಳುವುದು, ಆಗಬಹುದು. ಆರು ವಾರಕ್ಕೇ ಒಪ್ಪಿಗೆ ಕೊಡುವ ಸರ್ಜನ್‌ಗಳೂ ಇದ್ದಾರೆ, ಮೂರು ತಿಂಗಳು ಕಾಯಿಸುವವರೂ ಇದ್ದಾರೆ. ನನ್ನ ಮತ ಮೂರು ತಿಂಗಳ ಕಡೆಗೆ. ಆ ಹೊತ್ತಿಗೆ ಗಟ್ಟಿ ಊಟ ಒಗ್ಗಿರುತ್ತದೆ.

ಒಪ್ಪಿಗೆ ಕೇಳಲು ಹೋದಾಗ ರಕ್ತ ಪರೀಕ್ಷೆಯನ್ನೂ ಕೇಳಿ. ಹಿಮೋಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ. ಫೆರಿಟಿನ್ ಅಂದರೆ ಮೈಯಲ್ಲಿ ಕೂಡಿಟ್ಟಿರುವ ಕಬ್ಬಿಣದ ಲೆಕ್ಕ. ಹಿಮೋಗ್ಲೋಬಿನ್ ಜೇಬಿನ ದುಡ್ಡಾದರೆ ಫೆರಿಟಿನ್ ಬ್ಯಾಂಕಿನ ದುಡ್ಡು. ಜೇಬು ತುಂಬಿ ಕಂಡರೂ ಬ್ಯಾಂಕ್ ಖಾಲಿ ಇರಬಹುದು. ಮುಟ್ಟಾಗುವ ಹೆಂಗಸರಿಗಂತೂ ಇದು ಸಾಮಾನ್ಯ. ಹಾಗಿದ್ದಾಗ ಎಷ್ಟು ಅಭ್ಯಾಸ ಮಾಡಿದರೂ ಏದುಸಿರು ಹೋಗುವುದಿಲ್ಲ. ಬಿ12 ಕಡಿಮೆಯಾದರೆ ಪಾದ ಜುಮ್ಮೆನ್ನುತ್ತದೆ, ಜನ ಸುಮ್ನೆ ಶೂ ಬದಲಿಸುತ್ತಾ ಕೂರುತ್ತಾರೆ.

ಇಲ್ಲೊಂದು ನಮ್ಮ ಕಡೆಯ ತಪ್ಪು. ಕಬ್ಬಿಣದ ಮಾತ್ರೆ ನುಂಗಿದ ಬೆನ್ನಿಗೇ ಫಿಲ್ಟರ್ ಕಾಫಿ. ಕಾಫಿ, ಚಹಾ ಎರಡೂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯೂ ಅಷ್ಟೆ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರ ಇರಲಿ.

ಬಿಪಿ ಅಥವಾ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ. 110 ಕೆಜಿ ಇದ್ದಾಗ ಬರೆದುಕೊಟ್ಟ ಅಳತೆ 80 ಕೆಜಿಗೆ ಜಾಸ್ತಿಯಾಗಬಹುದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆಯ ಮೇಲೆ ಓಡಿದರೆ ಸಕ್ಕರೆ ದಿಢೀರನೆ ಇಳಿದು ತಲೆ ಸುತ್ತುತ್ತದೆ. ಅಳತೆ ಬದಲಿಸುವುದು ಡಾಕ್ಟರ್ ಕೆಲಸ, ನೀವೇ ಅರ್ಧ ಮಾತ್ರೆ ಮುರಿದುಕೊಳ್ಳಬೇಡಿ.

2. ನಡಿಗೆಯಲ್ಲಿ ಪಾಸಾಗಿ

ವಾರಕ್ಕೆ ಐದು ದಿನ, ದಿನಕ್ಕೆ 40 ನಿಮಿಷ, ಬಿರುಸಾಗಿ. ಎರಡು ವಾರ ಹೀಗೆ ನಡೆದು ಮರುದಿನ ಮಂಡಿ, ಹಿಮ್ಮಡಿ ನೋಯದಿದ್ದರೆ ಮುಂದಿನ ಹಂತಕ್ಕೆ ಬನ್ನಿ. ನೋಯುತ್ತಿದ್ದರೆ ಇನ್ನೆರಡು ವಾರ. ಇದರಲ್ಲಿ ರಿಯಾಯಿತಿ ಇಲ್ಲ.

3. ಶೂ, ಬಟ್ಟೆ, ಸಡಿಲ ಚರ್ಮ

ಹಳೇ ಶೂ ಹಾಕಿಕೊಂಡು ಓಡಬೇಡಿ. ತೂಕ ಇಳಿದಾಗ ಪಾದವೂ ಸಣ್ಣದಾಗುತ್ತದೆ. ಕೆಲವರಿಗೆ ಅರ್ಧ ಸೈಜ್, ಕೆಲವರಿಗೆ ಅದಕ್ಕಿಂತ ಜಾಸ್ತಿ. ಜೊತೆಗೆ ಹಳೇ ಶೂವಿನ ಅಟ್ಟೆ ನಿಮ್ಮ ಹಳೇ ತೂಕಕ್ಕೆ ಒಂದು ಕಡೆ ಸವೆದಿರುತ್ತದೆ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ ಅಂಗಡಿಗೆ ಹೋಗಿ. ಓಟಕ್ಕೆಂದೇ ಮಾಡಿದ ಶೂ ಕೇಳಿ. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಉಳಿಯಬೇಕು. ದುಬಾರಿ ಮಾಡೆಲ್ ಬೇಕಿಲ್ಲ. ಅಂಗಡಿಯೊಳಗೆ ಹತ್ತು ಹೆಜ್ಜೆ ಓಡಿದಾಗ ಎಲ್ಲೂ ಒತ್ತದಿದ್ದರೆ ಸಾಕು.

ಯಾರೂ ಬಾಯಿಬಿಟ್ಟು ಕೇಳದ, ಮೆಸೇಜಿನಲ್ಲಿ ಮಾತ್ರ ಕೇಳುವ ಪ್ರಶ್ನೆ ಸಡಿಲ ಚರ್ಮದ್ದು. ಹೊಟ್ಟೆ, ತೊಡೆ, ತೋಳಿನಲ್ಲಿ ಜೋತುಬಿದ್ದ ಚರ್ಮ ಓಡುವಾಗ ಅಲ್ಲಾಡುತ್ತದೆ, ಉಜ್ಜುತ್ತದೆ, ಬೆವರು ಸೇರಿ ಕೆಂಪಗೆ ಕಿತ್ತು ಬರುತ್ತದೆ. ಮಾಡಬೇಕಾದ್ದು ಇಷ್ಟು. ಸೊಂಟದ ಮೇಲಕ್ಕೆ ಬರುವ ಬಿಗಿಯಾದ ಟೈಟ್ಸ್ ಹಾಕಿ, ಹೊಟ್ಟೆಯ ಚರ್ಮವನ್ನು ಅದರೊಳಗೆ ಸೇರಿಸಿಕೊಳ್ಳಿ. ಮೇಲೆ ಬೇಕಾದರೆ ಸಡಿಲ ಪ್ಯಾಂಟೋ ಚೂಡಿದಾರೋ ಹಾಕಿ, ಯಾರಿಗೂ ಕಾಣುವುದಿಲ್ಲ. ಉಜ್ಜುವ ಜಾಗಕ್ಕೆಲ್ಲ ವ್ಯಾಸಲೀನ್ ಸವರಿ. ಕಾಟನ್ ಬನಿಯನ್ ಬೇಡ, ಬೆವರು ಕುಡಿದು ಒದ್ದೆ ಗೋಣಿಯಾಗುತ್ತದೆ. ಹೆಂಗಸರು ಸ್ಪೋರ್ಟ್ಸ್ ಬ್ರಾವನ್ನು ಈಗಿನ ಅಳತೆಗೆ ಹೊಸದಾಗಿ ಕೊಳ್ಳಿ. ಮನೆಗೆ ಬಂದಮೇಲೆ ಸ್ನಾನ ಮಾಡಿ ಚರ್ಮದ ಮಡಿಕೆಗಳನ್ನು ಪೂರ್ತಿ ಒಣಗಿಸಿ. ಮಂಗಳೂರು, ಉಡುಪಿ, ಕಾರವಾರದ ಸೆಕೆಯಲ್ಲಿ ಇದನ್ನು ತಪ್ಪಿಸಿದರೆ ವಾರದೊಳಗೆ ಫಂಗಸ್ ಹಿಡಿಯುತ್ತದೆ.

4. ನೀರು: ಬೆಳಗಿನ ಓಟ ಹಿಂದಿನ ಸಂಜೆಯೇ ಶುರು

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲಿ. ಬೇರೆಯವರು ಓಡುವ ಮುಂಚೆ ಅರ್ಧ ಲೀಟರ್ ಗಟಗಟ ಕುಡಿದು ಹೊರಡುತ್ತಾರೆ. ನಮಗೆ ಅದು ಆಗುವುದಿಲ್ಲ. ಒಂದೇ ಸಲಕ್ಕೆ ಕುಡಿದರೆ ಎದೆ ಒತ್ತುತ್ತದೆ, ವಾಂತಿಯಾಗುತ್ತದೆ. ಮೇಲಿಂದ ಊಟದ ಜೊತೆ ನೀರಿಲ್ಲ, ಊಟವಾಗಿ ಅರ್ಧ ಗಂಟೆ ನೀರಿಲ್ಲ ಅನ್ನುವ ನಿಯಮ. ಹಾಗಾಗಿ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಅನ್ನುವುದು ಗುಟುಕು ಗುಟುಕಾಗಿಯೇ ಒಳಗೆ ಹೋಗಬೇಕು.

ನಾನು ಮಾಡುವುದು ಹೀಗೆ. ಮಧ್ಯಾಹ್ನ ಮೂರರಿಂದ ರಾತ್ರಿ ಊಟದವರೆಗೆ ಬಾಟಲಿ ಕೈಯಳತೆಯಲ್ಲೇ ಇರುತ್ತದೆ. ಬೆಳಿಗ್ಗೆ ಓಡುವುದಕ್ಕೆ 45 ನಿಮಿಷ ಮುಂಚೆ ಎದ್ದು, ಒಂದು ಸಣ್ಣ ಲೋಟ ನೀರನ್ನು ಹಲ್ಲುಜ್ಜುತ್ತಾ, ಶೂ ಹುಡುಕುತ್ತಾ, ನಿಧಾನಕ್ಕೆ ಮುಗಿಸುತ್ತೇನೆ. ಮೂತ್ರ ತಿಳಿ ಹಳದಿ ಇದ್ದರೆ ಓಟ. ಗಾಢವಾಗಿದ್ದರೆ ಅವತ್ತು ನಡಿಗೆ ಮಾತ್ರ. ಕಲಬುರಗಿ, ರಾಯಚೂರು ಕಡೆಯವರು ಮಾರ್ಚ್‌ನಿಂದ ಮೇವರೆಗೆ ಸೂರ್ಯ ಹುಟ್ಟುವ ಮುಂಚೆ ಮುಗಿಸಿ, ಇಲ್ಲವಾದರೆ ಮುಂದಕ್ಕೆ ಹಾಕಿ. ಬಿಸಿಲಿನ ಎದುರು ಶೌರ್ಯ ಬೇಡ.

ಬೆವರು ಜಾಸ್ತಿ ಹೋಗುವವರು ಸ್ಪೋರ್ಟ್ಸ್ ಡ್ರಿಂಕ್ ಕೇಳುತ್ತಾರೆ. ಬೇಡ ಅನ್ನುತ್ತೇನೆ, ಕಾರಣ ಸಕ್ಕರೆ. ಅಂಗಡಿಯ ಸ್ಪೋರ್ಟ್ಸ್ ಡ್ರಿಂಕಿನಲ್ಲಿ ಲೀಟರಿಗೆ ಸುಮಾರು 60 ಗ್ರಾಂ ಸಕ್ಕರೆ ಇರುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ಪುಡಿಯಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಅಷ್ಟೆ. ಪೊಟ್ಟಣದ ಮೇಲೆ ಆ ಸೂತ್ರದ ಹೆಸರು ಇದೆಯಾ ನೋಡಿ ಕೊಳ್ಳಿ. ಬಿಪಿ ಇರುವವರು ಉಪ್ಪಿನ ವಿಷಯ ಡಾಕ್ಟರನ್ನು ಕೇಳಿಕೊಳ್ಳಿ. ಉಳಿದವರಿಗೆ ಉಪ್ಪು ಹಾಕಿದ ನೀರು ಮಜ್ಜಿಗೆಯೂ ಆಗುತ್ತದೆ, ಓಡಿ ಬಂದ ಮೇಲೆ.

5. ತಿಂಡಿ ಮತ್ತು ಡಂಪಿಂಗ್

ಡಂಪಿಂಗ್ ಅನ್ನುವ ತೊಂದರೆ ಬೈಪಾಸ್ ಆದವರಿಗೆ ಜಾಸ್ತಿ, ಸ್ಲೀವ್ ಆದವರಿಗೂ ಬರಬಹುದು. ಸಿಹಿ ತಿಂದರೆ ಅದು ಹೊಟ್ಟೆಯಲ್ಲಿ ನಿಲ್ಲದೆ ಸೀದಾ ಸಣ್ಣ ಕರುಳಿಗೆ ಸುರಿಯುತ್ತದೆ. 10ರಿಂದ 30 ನಿಮಿಷದೊಳಗೆ ಎದೆ ಡವಡವ, ಬೆವರು, ಹೊಟ್ಟೆ ಹಿಂಡುವುದು, ಭೇದಿ. ಇನ್ನೊಂದು ಬಗೆ ಒಂದರಿಂದ ಮೂರು ಗಂಟೆ ಬಿಟ್ಟು ಬರುತ್ತದೆ. ಇನ್ಸುಲಿನ್ ಅತಿಯಾಗಿ ಸುರಿದು ರಕ್ತದ ಸಕ್ಕರೆ ಕುಸಿಯುತ್ತದೆ, ಕೈ ನಡುಗುತ್ತದೆ, ಕಣ್ಣು ಮಂಜಾಗುತ್ತದೆ. ಓಡುವಾಗ ಇದು ಬಂದರೆ ಸುಸ್ತು ಅಂದುಕೊಂಡು ಮುಂದುವರಿಸುವ ಅಪಾಯ ಇದೆ. ನಿಲ್ಲಿ, ಕೂರಿ. ಓಟಗಾರರು ಹೀರುವ ಎನರ್ಜಿ ಜೆಲ್ ಅಂದರೆ ಬಹುಪಾಲು ಸಕ್ಕರೆ ಪಾಕ. ಪರಿಚಯದವರು ಪ್ರೀತಿಯಿಂದ ಕೊಟ್ಟರೂ ಜೇಬಿಗೆ ಹಾಕಿಕೊಳ್ಳಿ, ಬಾಯಿಗೆ ಬೇಡ. ಸಕ್ಕರೆ ಇಳಿಯುವ ಅಭ್ಯಾಸ ಇರುವವರು ಮಾತ್ರ ಡಯಟೀಷಿಯನ್ ಹೇಳಿದ ಅಳತೆಯ ಗ್ಲೂಕೋಸ್ ಪುಡಿ ಜೊತೆಗಿಟ್ಟುಕೊಳ್ಳಬೇಕು.

ಅರ್ಧ ಗಂಟೆಯ ಓಟ-ನಡಿಗೆಗೆ ಮುಂಚೆ ತಿನ್ನಲೇಬೇಕು ಅಂತೇನಿಲ್ಲ. ಹೊಟ್ಟೆ ಖಾಲಿ ಇದ್ದರೆ ಆಗದು ಅನ್ನುವವರು ಒಂದು ಗಂಟೆ ಮುಂಚೆ ಉಪ್ಪು ಹಾಕಿದ ರಾಗಿ ಗಂಜಿ ನಾಲ್ಕು ಚಮಚವೋ ಬೇಯಿಸಿದ ಮೊಟ್ಟೆಯಲ್ಲಿ ಅರ್ಧವೋ ತಿನ್ನಲಿ. ಮುಖ್ಯವಾದದ್ದು ಓಡಿ ಬಂದಮೇಲಿನದು. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಅಂತ ಡಯಟೀಷಿಯನ್ ಹೇಳಿರುತ್ತಾರೆ, ಅಲ್ವಾ? ಅದು ಮುಟ್ಟದಿದ್ದರೆ ಓಟ ನಿಮ್ಮ ಸ್ನಾಯುವನ್ನೇ ತಿನ್ನುತ್ತದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಪನೀರಿನಲ್ಲಿ ಸುಮಾರು 18. ಸಸ್ಯಾಹಾರಿಗಳಿಗೆ ಬರೀ ಬೇಳೆ ಸಾರಿನಿಂದ ಲೆಕ್ಕ ಕೂಡುವುದಿಲ್ಲ. ಸಾರಿನಲ್ಲಿ ಇರುವುದು ಬಹುಪಾಲು ನೀರು. ಪನೀರು, ಗಟ್ಟಿ ಮೊಸರು, ಸೋಯಾ, ಬೇಕಾದರೆ ಪ್ರೋಟೀನ್ ಪುಡಿ ಸೇರಿಸಿ. ಮೂರು ದಿನ ಬರೆದಿಟ್ಟು ಲೆಕ್ಕ ಹಾಕಿ. 60 ಮುಟ್ಟದವರು ಓಟವನ್ನು ಮುಂದಕ್ಕೆ ಹಾಕಿ.

6. ಓಟ-ನಡಿಗೆ

ಹೊಸಬರನ್ನು 5 ಕಿಲೋಮೀಟರ್ ಓಟಕ್ಕೆ ತಯಾರು ಮಾಡುವ ಕೌಚ್ ಟು 5ಕೆ ಅನ್ನುವ ಪ್ಲ್ಯಾನ್ ಹೆಸರು ಕೇಳಿರಬಹುದು. ಜಾಶ್ ಕ್ಲಾರ್ಕ್ ಅನ್ನುವ ಅಮೆರಿಕನ್ 1996ರಲ್ಲಿ ಮಾಡಿದ್ದು, 9 ವಾರದ್ದು. ಮೊದಲ ವಾರವೇ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ. ಒಳ್ಳೆಯ ಪ್ಲ್ಯಾನ್. ಆದರೆ ವಾರ ವಾರಕ್ಕೆ ಬೇಗ ಏರುತ್ತದೆ, ನಮ್ಮ ಮೂಳೆಗೆ ಅಷ್ಟು ಅವಸರ ಬೇಡ. ನಾನು ಹೇಳುವುದು 12 ವಾರದ್ದು. ವಾರಕ್ಕೆ ಮೂರೇ ದಿನ, ಎರಡು ಓಟದ ನಡುವೆ ಒಂದು ದಿನ ಬಿಡುವು. ಪ್ರತಿ ಸಲವೂ ಮೊದಲು ಐದು ನಿಮಿಷ, ಕೊನೆಗೆ ಐದು ನಿಮಿಷ ನಡಿಗೆ. ನಡುವೆ:

1–2ನೇ ವಾರ: 30 ಸೆಕೆಂಡ್ ಓಟ, 2 ನಿಮಿಷ ನಡಿಗೆ. 8 ಸಲ.
3–4ನೇ ವಾರ: 1 ನಿಮಿಷ ಓಟ, 2 ನಿಮಿಷ ನಡಿಗೆ. 8 ಸಲ.
5–6ನೇ ವಾರ: ಒಂದೂವರೆ ನಿಮಿಷ ಓಟ, ಅಷ್ಟೇ ನಡಿಗೆ. 8 ಸಲ.
7–8ನೇ ವಾರ: 2 ನಿಮಿಷ ಓಟ, 1 ನಿಮಿಷ ನಡಿಗೆ. 8 ಸಲ.
9–10ನೇ ವಾರ: 3 ನಿಮಿಷ ಓಟ, 1 ನಿಮಿಷ ನಡಿಗೆ. 6 ಸಲ.
11–12ನೇ ವಾರ: 5 ನಿಮಿಷ ಓಟ, 1 ನಿಮಿಷ ನಡಿಗೆ. 5 ಸಲ.

ಒಂದು ವಾರ ಕಷ್ಟವಾದರೆ ಅದನ್ನೇ ಇನ್ನೊಂದು ಸಲ ಮಾಡಿ. ಸುಲಭವಾಯಿತು ಅಂತ ಮಾತ್ರ ಮುಂದಕ್ಕೆ ಹಾರಬೇಡಿ. ನಾನು ಹಾರಿದ್ದೆ. ನಾಲ್ಕನೇ ವಾರದಿಂದ ಸೀದಾ ಒಂಬತ್ತಕ್ಕೆ. ಉಸಿರು ಚೆನ್ನಾಗಿತ್ತು. ಕಾಲಿನ ಮುಂದಿನ ಮೂಳೆ ನೋವು ಹಿಡಿದು ಆರು ವಾರ ಮನೆಯಲ್ಲಿ ಕೂತೆ.

ವೇಗ ಎಷ್ಟಿರಬೇಕು? ನಿಮಗೆ ನಾಚಿಕೆ ಆಗುವಷ್ಟು ನಿಧಾನ. ಪಕ್ಕದಲ್ಲಿ ಬಿರುಸಾಗಿ ನಡೆಯುವ ಅಜ್ಜ ನಿಮ್ಮನ್ನು ಹಿಂದೆ ಹಾಕಿದರೂ ಪರವಾಗಿಲ್ಲ. ಪರೀಕ್ಷೆ ಸುಲಭ. ಓಡುತ್ತಾ ಹದಿಮೂರರ ಮಗ್ಗಿ ಹೇಳಿ, ಒಂದೊಂದು ಸಾಲು ತುಂಡಾಗದೆ ಬಂದರೆ ವೇಗ ಸರಿ. ಹದಿಮೂರೇಳ್ಲ ಎಷ್ಟು ಅಂತ ಮರೆತರೆ ಅದು ಬೇರೆ ಸಮಸ್ಯೆ.

ಹೆಜ್ಜೆ ಚಿಕ್ಕದಿರಲಿ, ಪಾದ ಮೈಯ ಕೆಳಗೇ ಬೀಳಲಿ, ದೂರ ಚಾಚಬೇಡಿ. ಇಷ್ಟು ಬೇಗ ತೂಕ ಇಳಿದಾಗ ಮೈಯ ಸಮತೋಲವೇ ಬದಲಾಗಿರುತ್ತದೆ, ಎಡವುವುದು ಜಾಸ್ತಿ. ಕಲ್ಲು ಎದ್ದ ಫುಟ್‌ಪಾತ್ ಬಿಡಿ. ಊರಿನ ಹೈಸ್ಕೂಲ್ ಮೈದಾನ, ಕೆರೆ ಏರಿಯ ಮಣ್ಣು ದಾರಿ ಒಳ್ಳೆಯದು. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕ್, ಲಾಲ್‌ಬಾಗ್, ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ, ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ ಇದ್ದೇ ಇದೆ. ಬೀದಿ ನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡಿ, ನಿಂತುಬಿಡಿ. ಪ್ಲ್ಯಾನಿನಲ್ಲಿ ಇಲ್ಲದ ಸ್ಪ್ರಿಂಟ್ ಅದು.

7. ಕಾಲಿಗೆ ಬಲ

ವಾರಕ್ಕೆ ಎರಡು ದಿನ, ಓಟವಿಲ್ಲದ ದಿನ. ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವುದು. ಒಂದೊಂದೂ ಹತ್ತು ಸಲ, ಮೂರು ಸುತ್ತು. ಹೊಟ್ಟೆ ಮಡಿಸುವ ಕ್ರಂಚಸ್ ಅನ್ನು ಸರ್ಜನ್ ಹೇಳುವವರೆಗೆ ಮಾಡಬೇಡಿ.

8. ನೋವು ಬಂದಾಗ

ಇದನ್ನು ದಪ್ಪಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ: ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯ ಮಾತ್ರೆಗಳು ಬೈಪಾಸ್ ಆದವರ ಜೋಡಣೆಯ ಜಾಗದಲ್ಲಿ ಹುಣ್ಣು ಮಾಡಬಹುದು. ಹುಣ್ಣು ರಕ್ತ ಸುರಿಸಬಹುದು, ತೂತೂ ಆಗಬಹುದು. ಸ್ಲೀವ್ ಆದವರೂ ಕೇಳದೆ ಮುಟ್ಟಬೇಡಿ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಇದೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಡೋಲೋ 650 ಬರೀ ಪ್ಯಾರಸಿಟಮಾಲ್, ಸಾಮಾನ್ಯವಾಗಿ ಅದಕ್ಕೆ ಒಪ್ಪಿಗೆ ಇರುತ್ತದೆ. ಆದರೆ ನೋವು ಮುಚ್ಚಿಕೊಂಡು ಓಡಲು ಅದೂ ಬೇಡ.

ಎರಡೂ ತೊಡೆ ಸಮನಾಗಿ ಬಿಗಿದು, ಎರಡು ದಿನಕ್ಕೆ ಹೋಗುವ ನೋವು ಸಹಜ. ಒಂದೇ ಕಾಲಿನಲ್ಲಿ, ಒಂದು ಬೆರಳಿಟ್ಟು ತೋರಿಸುವಂಥ ಜಾಗದಲ್ಲಿ, ಒತ್ತಿದರೆ ಚುಚ್ಚುವ ನೋವು ಸಹಜವಲ್ಲ. ಅದು ಸ್ಟ್ರೆಸ್ ಫ್ರ್ಯಾಕ್ಚರ್ ಇರಬಹುದು. ಬಿದ್ದು ಮುರಿದದ್ದಲ್ಲ, ಮೇಲಿಂದ ಮೇಲೆ ಪೆಟ್ಟು ತಿಂದು ಮೂಳೆಯಲ್ಲಿ ಬೀಳುವ ಕೂದಲೆಳೆಯಂಥ ಬಿರುಕು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಓಟ ನಿಲ್ಲಿಸಿ, ಮೂಳೆ ಡಾಕ್ಟರಿಗೆ ನಿಮ್ಮ ಸರ್ಜರಿಯ ವಿಷಯ ಹೇಳಿ ತೋರಿಸಿ.

ಪಕ್ಕೆ ಹಿಡಿದುಕೊಳ್ಳುವುದು ಎಲ್ಲ ಓಟಗಾರರಿಗೂ ಉಂಟು, ನಿಂತರೆ ಕೆಲವೇ ನಿಮಿಷದಲ್ಲಿ ಹೋಗುತ್ತದೆ. ಬಲಗಡೆ ಪಕ್ಕೆಲುಬಿನ ಕೆಳಗೆ ಶುರುವಾಗಿ, ಬೆನ್ನಿಗೋ ಭುಜಕ್ಕೋ ಹರಡಿ, ಅರ್ಧ ಗಂಟೆಯಾದರೂ ಬಿಡದಿದ್ದರೆ ಅದು ಪಿತ್ತಕೋಶದ ಕಲ್ಲಿರಬಹುದು. ಬೇಗ ತೂಕ ಇಳಿದವರಲ್ಲಿ ಅದು ಸಾಮಾನ್ಯ. ಬೈಪಾಸ್ ಆದವರಿಗೆ ಹೊಟ್ಟೆಯಲ್ಲಿ ತಡೆಯಲಾರದ ನೋವು ಬಂದರೆ, ಸರ್ಜರಿಯಾಗಿ ವರ್ಷಗಳೇ ಆಗಿದ್ದರೂ, ತಡಮಾಡದೆ ಆಸ್ಪತ್ರೆಗೆ. ಎದೆ ನೋವು, ಕಣ್ಣು ಕತ್ತಲೆ ಬಂದು ಬೀಳುವುದು, ಒಂದೇ ಕಡೆಯ ಮೀನಖಂಡ ಊದಿ ನೋಯುವುದು, ಇವಕ್ಕೂ ಅದೇ ಮಾತು.

9. ತಕ್ಕಡಿ

ಓಟ ಶುರು ಮಾಡಿದ ಮೊದಲ ಒಂದೆರಡು ವಾರ ತೂಕ ಒಂದು ಕೆಜಿ ಏರಿದರೆ ಗಾಬರಿಯಾಗಿ ಊಟ ಕಡಿಮೆ ಮಾಡಬೇಡಿ. ಹೊಸ ಕೆಲಸಕ್ಕೆ ಸ್ನಾಯು ನೀರು ಹಿಡಿದುಕೊಳ್ಳುತ್ತದೆ, ಅಷ್ಟೆ. ಹಾಗೆಯೇ ಓಟದಿಂದ ತೂಕ ಸರ್ರನೆ ಇಳಿಯುತ್ತದೆ ಅನ್ನುವ ಆಸೆಯೂ ಬೇಡ. ಸುಮಾರಾಗಿ ಕೆಜಿಗೆ, ಕಿಲೋಮೀಟರಿಗೆ ಒಂದು ಕ್ಯಾಲೊರಿ. 80 ಕೆಜಿಯವರು 5 ಕಿಲೋಮೀಟರ್ ಓಡಿದರೆ 400. ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುವುದಕ್ಕೂ ಓಟ ಕಾರಣವಲ್ಲ. ಅದು ಸರ್ಜರಿ ಮತ್ತು ಬೇಗ ಇಳಿದ ತೂಕದ ಕೆಲಸ.

10. ಮೊದಲ 5 ಕಿಲೋಮೀಟರ್

12 ವಾರ ಮುಗಿದಮೇಲೆ ಇನ್ನೊಂದು ತಿಂಗಳು ಅದೇ 5–1 ಲೆಕ್ಕದಲ್ಲಿ ದೂರ ಹೆಚ್ಚಿಸುತ್ತಾ ಹೋದರೆ 5 ಕಿಲೋಮೀಟರ್ ಮುಟ್ಟುತ್ತೀರಿ. ನಡಿಗೆಯನ್ನು ಬಿಡಬೇಕಾಗಿಲ್ಲ. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ ಜೆಫ್ ಗ್ಯಾಲೋವೇ ನಡುನಡುವೆ ನಡೆಯುವುದನ್ನೇ ಒಂದು ಪದ್ಧತಿಯಾಗಿ ಸಾವಿರಾರು ಜನರಿಗೆ ಕಲಿಸಿದವರು.

ನೋಂದಾಯಿಸಿ ಓಡುವ ಆಸೆ ಇದ್ದರೆ ಸಣ್ಣ ಊರ ಓಟದಿಂದ ಶುರು ಮಾಡಿ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆ ಎಲ್ಲರಿಗೂ ಗೊತ್ತು, ಆದರೆ ಅದು ಸಾಮಾನ್ಯವಾಗಿ ಏಪ್ರಿಲ್-ಮೇ ಬಿಸಿಲಿನದು. ಮೊದಲ ವರ್ಷಕ್ಕೆ ಬೇಡ. ಹಿಂದಿನವರು ತಳ್ಳಿಕೊಂಡು ಬರುವುದರಿಂದ ಗುಂಪಿನ ಕೊನೆಯಲ್ಲಿ ನಿಲ್ಲಿ. ನೀರಿನ ಟೇಬಲ್ ಹತ್ತಿರ ಪಕ್ಕಕ್ಕೆ ಸರಿದು, ಲೋಟ ಹಿಡಿದು ನಡೆಯುತ್ತಾ, ಎರಡೇ ಗುಟುಕು. ಉಳಿದದ್ದನ್ನು ತಲೆ ಮೇಲೆ ಸುರಿದುಕೊಳ್ಳಿ. ಓಟ ಮುಗಿದಮೇಲೆ ಕೊಡುವ ತಿಂಡಿ ಡಬ್ಬಿಯಲ್ಲಿ ಒಂದು ಜ್ಯೂಸ್, ಒಂದು ಸಿಹಿ ಇದ್ದೇ ಇರುತ್ತದೆ. ಅವೆರಡನ್ನೂ ಜೊತೆಗೆ ಬಂದವರಿಗೆ ಕೊಟ್ಟು, ನೀವು ಮನೆಯಿಂದ ತಂದ ಮೊಟ್ಟೆಯನ್ನೋ ಪನೀರನ್ನೋ ನೆರಳಲ್ಲಿ ಕೂತು ನಿಧಾನಕ್ಕೆ ಅಗಿದು ತಿನ್ನಿ. ಪದಕ ಕತ್ತಿನಲ್ಲೇ ಇರಲಿ.